ಲೀಡ್ ಟೈಮ್ ಅಂದರೇನು ಎಂದು ಕೇಳಿದರು

ಹೋದ ವರ್ಷ ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸ್ಟೋರ್ಸ್ ಅಸಿಸ್ಟೆಂಟ್ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಬಿ.ಕಾಂ. ಅಂಕಪಟ್ಟಿ, ಟ್ಯಾಲಿ ಪ್ರಮಾಣಪತ್ರ, ಆಧಾರ್ ನಕಲು ಎಲ್ಲವನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಕೊಂಡಿದ್ದೆ. ಎದುರು ಕುಳಿತವರು ಫೈಲನ್ನು ಮುಟ್ಟಲೂ ಇಲ್ಲ. ‘ಲೀಡ್ ಟೈಮ್ ಅಂದರೇನು?’ ಎಂದು ಕೇಳಿದರು. ಗೊತ್ತಿರಲಿಲ್ಲ. ‘ಸೇಫ್ಟಿ ಸ್ಟಾಕ್?’ ಅದೂ ಗೊತ್ತಿರಲಿಲ್ಲ. ‘ಸರಿಯಮ್ಮ, ತಿಳಿಸುತ್ತೇವೆ’ ಎಂದರು. ತಿಳಿಸಲಿಲ್ಲ.

ಆ ಕಾರ್ಖಾನೆಗೂ ನಮ್ಮ ಮನೆಗೂ ನಡೆದು ಹೋಗುವಷ್ಟು ದೂರ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋದ ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ನಮ್ಮ ಮನೆಯ ಎರಡು ಎಕರೆಯೂ ಸೇರಿದೆ. ಅಜ್ಜ ಹುರುಳಿ, ಜೋಳ ಬೆಳೆಯುತ್ತಿದ್ದ ಹೊಲದ ಪಕ್ಕದಲ್ಲಿ ಈಗ ಟಾರು ರಸ್ತೆ, ಬೀದಿದೀಪ, ಎತ್ತರದ ಕಾಂಪೌಂಡು. ಗೇಟಿನ ಒಳಗೆ ಹೋಗಲು ನನಗೆ ಬೇಕಾಗಿದ್ದದ್ದು ನಾಲ್ಕು ಪದಗಳ ಅರ್ಥ. ಅದಿಲ್ಲದೆ ವಾಪಸ್ ಬಂದೆ.

ಸಂಜೆ ಅಪ್ಪನಿಗೆ ಹೇಳಿದೆ. ಲೀಡ್ ಟೈಮ್ ಎಂದರೆ ಸರಕು ಬೇಕೆಂದು ಹೇಳಿದ ಗಳಿಗೆಯಿಂದ ಅದು ಕೈ ಸೇರುವವರೆಗಿನ ಸಮಯ ಎಂದು ಅಷ್ಟರಲ್ಲಿ ಮೊಬೈಲಿನಲ್ಲಿ ಓದಿಕೊಂಡಿದ್ದೆ. ಅಪ್ಪ ನಕ್ಕರು. ‘ಇದಾ? ಒಂಬತ್ತಕ್ಕ ಮದ್ದೂರು ಗೇಟು ಬೀಳ್ತದ ಕೂಸು. ಎಂಟೂವರೆಗ ಲಾರಿ ದಾಟ್ನಿಲ್ಲ ಅಂದ್ರ ಬೆಳಗಾನ ಅಲ್ಲೇ. ಟೊಮೊಟೊ ಅಲ್ಲೇ ಹಣ್ಣಾಯ್ತದ. ಅದ್ಕ ನಾನು ಮಧ್ಯಾಹ್ನಕ್ಕೇ ಕೂಯ್ಸಿ ಮುಗಿಸದು’ ಎಂದರು.

ಇಪ್ಪತ್ತು ವರ್ಷದಿಂದ ಅಪ್ಪ ಮಾಡುತ್ತಿದ್ದದ್ದು ಲೀಡ್ ಟೈಮ್ ಲೆಕ್ಕವೇ. ಹೆಸರಷ್ಟೇ ಗೊತ್ತಿರಲಿಲ್ಲ. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಉಪಯೋಗವಾದೀತೆಂದು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಬರೀ ಸಂದರ್ಶನದ ಪ್ರಶ್ನೋತ್ತರವಲ್ಲ. ನಮ್ಮ ಜಿಲ್ಲೆಯಲ್ಲಿ ಈ ಪದಗಳ ಹಿಂದೆ ಬದುಕೂ ಇದೆ, ಸಾವೂ ಇದೆ.

ಸರಪಳಿ ಎಂದರೆ ಯಾವುದು?

‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ ಎಂಬ ಪದಕ್ಕೆ ಅಂಥ ವಯಸ್ಸೇನೂ ಆಗಿಲ್ಲ. ಕೀತ್ ಆಲಿವರ್ ಎಂಬ ಸಲಹೆಗಾರರು 1982ರಲ್ಲಿ ಅದನ್ನು ಬಳಕೆಗೆ ತಂದರು ಎನ್ನುತ್ತಾರೆ. ಕನ್ನಡದಲ್ಲಿ ಪೂರೈಕೆ ಸರಪಳಿಯ ನಿರ್ವಹಣೆ ಎನ್ನಬಹುದು. ಕಚ್ಚಾ ಸಾಮಗ್ರಿ ಹುಟ್ಟುವ ಜಾಗದಿಂದ ಕೊನೆಯ ಗ್ರಾಹಕನ ಕೈವರೆಗೆ ಮೂರು ಹರಿವುಗಳಿರುತ್ತವೆ. ಸರಕು ಮುಂದಕ್ಕೆ ಹರಿಯುತ್ತದೆ, ಹಣ ಹಿಂದಕ್ಕೆ ಹರಿಯುತ್ತದೆ, ಮಾಹಿತಿ ಎರಡೂ ಕಡೆಗೆ ಹರಿಯಬೇಕು. ಈ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವುದೇ ನಿರ್ವಹಣೆ.

ಇದನ್ನು ಲಾಜಿಸ್ಟಿಕ್ಸ್ ಎಂಬ ಪದದ ಜೊತೆ ಬೆರೆಸಿ ಮಾತನಾಡುವವರು ಬಹಳ. ಲಾಜಿಸ್ಟಿಕ್ಸ್ ಎಂದರೆ ಸಾಗಣೆ ಮತ್ತು ಸಂಗ್ರಹಣೆ, ಸರಪಳಿಯ ಒಂದು ಭಾಗ ಮಾತ್ರ. ಯಾವ ಬೆಳೆ ಹಾಕಬೇಕು, ಯಾರಿಂದ ಕೊಳ್ಳಬೇಕು, ಎಷ್ಟು ಕೂಡಿಡಬೇಕು, ಹಾಳಾದದ್ದು ಹೇಗೆ ವಾಪಸ್ ಬರಬೇಕು, ಇವೆಲ್ಲವೂ ಸರಪಳಿಯೊಳಗೇ ಬರುತ್ತವೆ.

ನಮ್ಮ ಅರಿಶಿನವನ್ನೇ ತೆಗೆದುಕೊಳ್ಳಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರು ಬೆಳೆದು, ಬೇಯಿಸಿ, ಒಣಗಿಸಿದ ಅರಿಶಿನದ ಒಳ್ಳೆಯ ಪಾಲು ದಿಂಬಂ ಘಟ್ಟ ಇಳಿದು ತಮಿಳುನಾಡಿನ ಈರೋಡು ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಪಾಲಿಶ್ ಆಗಿ, ಪುಡಿಯಾಗಿ, ಪೊಟ್ಟಣ ಸೇರಿ ನಮ್ಮೂರಿನ ಅಂಗಡಿಗೇ ಮರಳಬಹುದು. ಪ್ರತಿ ಕೊಂಡಿಯಲ್ಲಿಯೂ ಬೆಲೆ ಸೇರುತ್ತದೆ. ಅದನ್ನು ಮೌಲ್ಯವರ್ಧನೆ ಎನ್ನುತ್ತಾರೆ. ಬೆಲೆ ಸೇರುವ ಕೊಂಡಿಗಳು ನಮ್ಮ ಜಿಲ್ಲೆಯ ಹೊರಗಿವೆ, ಬೆವರು ಹರಿಯುವ ಕೊಂಡಿ ಒಳಗಿದೆ. ಬದನಗುಪ್ಪೆಯಂಥ ಕೈಗಾರಿಕಾ ಪ್ರದೇಶದ ಅಗತ್ಯವನ್ನು ಈ ಒಂದು ಉದಾಹರಣೆಯೇ ಹೇಳುತ್ತದೆ.

ರಾತ್ರಿ ಮುಚ್ಚುವ ರಸ್ತೆಗಳು

ಪಠ್ಯಪುಸ್ತಕದಲ್ಲಿ ಲೀಡ್ ಟೈಮ್ ಒಂದು ಅಂಕಿ. ನಮ್ಮಲ್ಲಿ ಅದು ಕಾಡು, ಘಟ್ಟ, ಗೇಟು.

ಬಂಡೀಪುರದೊಳಗೆ ಹಾದು ಹೋಗುವ ಕೇರಳ ಮತ್ತು ಊಟಿ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. 2009ರಲ್ಲಿ ಜಿಲ್ಲಾಡಳಿತ ಹೊರಡಿಸಿದ ಆದೇಶವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಕೆಲವೇ ಬಸ್‌ಗಳಿಗೆ ವಿನಾಯಿತಿ. ನಿರ್ಬಂಧ ತೆಗೆಯಬೇಕೆಂದು 2019ರಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹ ನಡೆದಿತ್ತು. ತೆಗೆಯಬಾರದೆಂದು ನಮ್ಮ ರಾಜ್ಯದ ಪರಿಸರಪ್ರಿಯರು ಪಟ್ಟು ಹಿಡಿದಿದ್ದಾರೆ. ಇನ್ನೊಂದು ದಿಕ್ಕಿನಲ್ಲಿ, ಸತ್ಯಮಂಗಲಂ ಕಾಡಿನ ದಿಂಬಂ ಘಟ್ಟದಲ್ಲಿ 27 ತಿರುವುಗಳಿವೆ. ಅಲ್ಲಿಯೂ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ಭಾರಿ ಸರಕು ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಪ್ರವೇಶವಿಲ್ಲ. ರೈಲಿನಲ್ಲಿ ಕಳಿಸೋಣವೆಂದರೆ ಮೈಸೂರಿನಿಂದ ಬಂದ ಹಳಿ ಬದನಗುಪ್ಪೆ ದಾಟಿ ಚಾಮರಾಜನಗರದಲ್ಲಿ ಮುಗಿದುಹೋಗುತ್ತದೆ. ಮುಂದಕ್ಕೆ ತಮಿಳುನಾಡಿಗೆ ಹಳಿ ಹಾಕುವ ಮಾತು ದಶಕಗಳಿಂದ ಮಾತಾಗಿಯೇ ಉಳಿದಿದೆ. ಅದಕ್ಕೂ ಕಾಡೇ ಅಡ್ಡ.

ಸರಪಳಿಯ ಭಾಷೆಯಲ್ಲಿ ಇಂಥ ಜಾಗಕ್ಕೆ ಬಾಟಲ್‌ನೆಕ್ ಎಂದು ಹೆಸರು. ಬಾಟಲಿಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಸುರಿಯುವ ವೇಗವನ್ನು ನಿರ್ಧರಿಸುವುದು ಕತ್ತು. ತೆರಕಣಾಂಬಿ ಮಾರುಕಟ್ಟೆಯಲ್ಲಿ ಎಷ್ಟೇ ತರಕಾರಿ ಬಿದ್ದಿರಲಿ, ಕೋಯಿಕ್ಕೋಡಿಗೆ ಅದು ಎಷ್ಟು ಹೊತ್ತಿಗೆ ಸೇರುತ್ತದೆ ಎನ್ನುವುದನ್ನು ಹೇಳುವುದು ಚೆಕ್‌ಪೋಸ್ಟಿನ ಗಡಿಯಾರ.

ಹಾಗಾದರೆ ನಿರ್ಬಂಧ ತೆಗೆಯಬೇಕೆ? ರೈತನ ಮಗಳಾಗಿಯೂ ನನಗೆ ಹಾಗನ್ನಿಸುವುದಿಲ್ಲ. ಆನೆ, ಚಿರತೆ, ಜಿಂಕೆಗಳಿಗೂ ಅದೇ ದಾರಿ. ನಿರ್ಬಂಧ ಬರುವ ಮುಂಚೆ ಲಾರಿಗೆ ಸಿಕ್ಕು ಸತ್ತ ಪ್ರಾಣಿಗಳ ಸುದ್ದಿ ನಮ್ಮ ಕಡೆ ಹೊಸತಾಗಿರಲಿಲ್ಲ. ಇಲ್ಲಿ ಸರಪಳಿಯ ಪಾಠ ಬೇರೆಯೇ ಇದೆ. ಲೀಡ್ ಟೈಮ್ ಉದ್ದವಾಗಿದ್ದರೂ ಖಚಿತವಾಗಿದ್ದರೆ ನಿಭಾಯಿಸಬಹುದು. ಅದು ದಿನಕ್ಕೊಂದು ಥರ ಬದಲಾದರೆ ಮಾತ್ರ ಕಷ್ಟ. ಒಂಬತ್ತಕ್ಕೆ ಗೇಟು ಬೀಳುತ್ತದೆಂದು ಖಚಿತವಾಗಿ ಗೊತ್ತಿರುವುದರಿಂದಲೇ ಅಪ್ಪ ಮಧ್ಯಾಹ್ನ ಕೊಯ್ಲು ಮುಗಿಸುತ್ತಾರೆ. ಕೂಲಿಯಾಳು ಬಾರದಿದ್ದಾಗ, ಲಾರಿ ಕೆಟ್ಟಾಗ, ಮಂಡಿಯಲ್ಲಿ ಲೋಡು ತಡವಾದಾಗಲೇ ನಷ್ಟ. ಆ ನಷ್ಟ ತಡೆಯಲು ಕಾಡಿನ ಗೇಟನ್ನು ಒಡೆಯಬೇಕಿಲ್ಲ. ಗೇಟಿನ ಈಚೆಗೆ ತರಕಾರಿ ಒಂದು ರಾತ್ರಿ ಕೆಡದೆ ಉಳಿಯುವಂತೆ ಮಾಡಿದರೆ ಸಾಕು. ಹೊಲದಿಂದ ಅಂಗಡಿಯವರೆಗೂ ತಂಪು ತಪ್ಪದಂತೆ ಕಾಯುವ ಆ ವ್ಯವಸ್ಥೆಗೆ ಕೋಲ್ಡ್ ಚೈನ್, ಶೀತಲ ಸರಪಳಿ ಎನ್ನುತ್ತಾರೆ. ಒಂದು ಶೀತಲ ಗೃಹ ಕಟ್ಟಿ, ಅಲ್ಲಿಂದಾಚೆ ಬಿಸಿಲಿನಲ್ಲಿ ತೆರೆದ ಲಾರಿಗೆ ತುಂಬಿದರೆ ಅದು ಸರಪಳಿಯಾಗುವುದಿಲ್ಲ, ಬಿಡಿ ಕೊಂಡಿಯಷ್ಟೇ.

ಇನ್ನೊಂದು ಪದ ಬ್ಯಾಕ್‌ಹಾಲ್. ನಮ್ಮ ಲಾರಿ ಚಾಲಕರು ಇದನ್ನು ‘ರಿಟರ್ನ್ ಲೋಡ್’ ಎನ್ನುತ್ತಾರೆ. ಕೇರಳಕ್ಕೆ ತರಕಾರಿ ಹೊತ್ತು ಹೋದ ಲಾರಿ ಖಾಲಿ ಮರಳಿದರೆ, ಆ ಖಾಲಿ ದಾರಿಯ ಡೀಸೆಲ್ ಖರ್ಚು ಕೂಡ ಬೆಳೆದವನ ಬಾಡಿಗೆಯಲ್ಲೇ ಸೇರಿರುತ್ತದೆ. ಮರಳುವಾಗ ಏನಾದರೂ ಸರಕು ಸಿಕ್ಕರೆ ಎರಡೂ ಕಡೆಯ ಬಾಡಿಗೆ ಇಳಿಯುತ್ತದೆ. ಕೈಗಾರಿಕಾ ಪ್ರದೇಶಕ್ಕೆ ಬೇಕಾದ ಸಾಮಗ್ರಿಯೂ ರೈತನ ತರಕಾರಿಯೂ ಒಂದೇ ಲಾರಿಯ ಎರಡು ದಿಕ್ಕುಗಳಾಗಬಹುದು. ಇದನ್ನು ಯಾರಾದರೂ ಕೂತು ಜೋಡಿಸಬೇಕು. ಆ ಜೋಡಿಸುವ ಕೆಲಸವೂ ಒಂದು ಉದ್ಯೋಗವೇ.

ಓಣಂ ಮತ್ತು ಚೆಂಡು ಹೂವು

ಗುಂಡ್ಲುಪೇಟೆ ಕಡೆಯ ಚೆಂಡು ಹೂವಿನ ಹೊಲಗಳ ಫೋಟೊ ನೀವೆಲ್ಲ ನೋಡಿರುತ್ತೀರಿ. ಆ ಹೂವಿಗೂ ಓಣಂಗೂ ಹಳೆಯ ನಂಟು. ನಾಟಿಯಿಂದ ಹೂವಿನವರೆಗೆ ಸುಮಾರು ಎರಡು ತಿಂಗಳು. ಅಂದರೆ ಆಗಸ್ಟ್, ಸೆಪ್ಟೆಂಬರಿನ ಬೇಡಿಕೆಯನ್ನು ಜೂನ್, ಜುಲೈನಲ್ಲೇ ಊಹಿಸಬೇಕು. ಇದಕ್ಕೆ ಬೇಡಿಕೆಯ ಮುನ್ನಂದಾಜು ಎನ್ನುತ್ತಾರೆ.

2018ರಲ್ಲಿ ನಾವೂ ಅರ್ಧ ಎಕರೆಗೆ ಚೆಂಡು ಹೂವು ಹಾಕಿದ್ದೆವು. ಆ ಆಗಸ್ಟಿನಲ್ಲಿ ಕೇರಳವನ್ನು ಮಹಾಪ್ರವಾಹ ಮುಳುಗಿಸಿತು. ಅಲ್ಲಿನ ಸರ್ಕಾರ ಓಣಂ ಆಚರಣೆಯನ್ನು ಕೈಬಿಟ್ಟಿತು. ಅಲ್ಲಿ ಜನ ಪ್ರಾಣ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಹೂವಿನ ಮಾತು ಆಡುವುದೂ ತಪ್ಪು ಎಂದು ಅಪ್ಪ ಸುಮ್ಮನಿದ್ದರು. ಹೂವು ಗಿಡದಲ್ಲೇ ಒಣಗಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕುಸಿದಾಗಲೂ ಸರ್ಕಾರಿ ಓಣಂ ಸಂಭ್ರಮ ರದ್ದಾಯಿತು. ಒಂದೇ ಊರಿನ, ಒಂದೇ ಹಬ್ಬದ ಗ್ರಾಹಕನನ್ನು ನೆಚ್ಚಿಕೊಂಡರೆ ಆಗುವುದು ಇದೇ.

ಬೇಡಿಕೆ ಕುಸಿಯುವುದು ಒಂದು ಕಷ್ಟ. ಬೇಡಿಕೆಯ ಸುದ್ದಿ ಊದಿಕೊಳ್ಳುತ್ತಾ ಬರುವುದು ಇನ್ನೊಂದು. ಅಂಗಡಿಯವನಿಗೆ ಹತ್ತು ಕ್ರೇಟು ಟೊಮೊಟೊ ಬೇಕು ಎನ್ನಿ. ಕಡಿಮೆ ಬಿದ್ದೀತೆಂದು ಹನ್ನೆರಡು ಹೇಳುತ್ತಾನೆ. ಸಗಟು ವ್ಯಾಪಾರಿ ತನ್ನದೊಂದಿಷ್ಟು ಸೇರಿಸಿ ಹದಿನೈದು ಎನ್ನುತ್ತಾನೆ. ದಲ್ಲಾಳಿ ಇಪ್ಪತ್ತು ಕೇಳುತ್ತಾನೆ. ಹೊಲದವನ ಕಿವಿಗೆ ಬೀಳುವುದು ‘ಈ ಸಲ ಭಾರೀ ಬೇಡಿಕೆಯಂತೆ’ ಎಂಬ ಮಾತು. ಚಾಟಿಯ ಹಿಡಿಕೆಯನ್ನು ತುಸು ಅಲ್ಲಾಡಿಸಿದರೆ ತುದಿ ದೊಡ್ಡದಾಗಿ ಬೀಸುತ್ತದಲ್ಲ, ಹಾಗೆ. ಇದನ್ನು ಬುಲ್‌ವಿಪ್ ಪರಿಣಾಮ ಎಂದು ಕರೆಯುತ್ತಾರೆ. ಚಾಟಿ ಪರಿಣಾಮ ಎನ್ನೋಣ. ಜೇ ಫಾರೆಸ್ಟರ್ ಎಂಬ ಅಮೆರಿಕದ ವಿದ್ವಾಂಸ 1961ರಷ್ಟು ಹಿಂದೆಯೇ ಇದರ ಲಕ್ಷಣವನ್ನು ವಿವರಿಸಿದ್ದರು.

ಇದಕ್ಕೆ ಹತ್ತಿರದ ಇನ್ನೊಂದು ನೋಟವನ್ನು 2023ರಲ್ಲಿ ದೇಶವೇ ಕಂಡಿತು. ಜುಲೈನಲ್ಲಿ ಟೊಮೊಟೊ ಕಿಲೋಗೆ ನೂರು ರೂಪಾಯಿ ದಾಟಿತು. ಆ ಬೆಲೆ ನೋಡಿ ಎಲ್ಲರೂ ನಾಟಿ ಮಾಡಿದರು. ಸೆಪ್ಟೆಂಬರಿನ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದವರಿದ್ದರು. ಇವತ್ತಿನ ಬೆಲೆ ನೋಡಿ ಮುಂದಿನ ಮೂರು ತಿಂಗಳ ನಿರ್ಧಾರ ತೆಗೆದುಕೊಂಡದ್ದೇ ತಪ್ಪು. ಹಾಗೆಂದು ರೈತನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಸಿಗುವ ಮಾಹಿತಿ ಅದೊಂದೇ. ಎಲ್ಲೆಲ್ಲಿ ಎಷ್ಟು ಎಕರೆ ನಾಟಿಯಾಗಿದೆ, ಕೊನೆಯ ಅಂಗಡಿಯಲ್ಲಿ ನಿಜಕ್ಕೂ ಎಷ್ಟು ಮಾರಾಟವಾಯಿತು ಎಂಬುದು ಸರಪಳಿಯ ಎಲ್ಲ ಕೊಂಡಿಗಳಿಗೂ ಕಾಣುವಂತಿರಬೇಕು. ಈ ಕಾಣುವಿಕೆಯನ್ನೇ ದೊಡ್ಡ ಕಂಪನಿಗಳು ‘ವಿಸಿಬಿಲಿಟಿ’ ಎಂದು ಕರೆದು ಕೋಟಿಗಟ್ಟಲೆ ಸುರಿದು ಸಾಫ್ಟ್‌ವೇರ್ ಹಾಕಿಕೊಳ್ಳುತ್ತವೆ. ಹೊಲದವನಿಗೆ ಇನ್ನೂ ಅದು ಬಸ್‌ಸ್ಟ್ಯಾಂಡಿನ ಮಾತು.

ಆ ಒಂದು ರಾತ್ರಿ

ಇಲ್ಲಿಯವರೆಗಿನದು ದುಡ್ಡಿನ ಮಾತು. ದಾಸ್ತಾನು ಎಂಬ ಪದ ನನಗೆ ನಿಜವಾಗಿ ಅರ್ಥವಾದದ್ದು ನಮ್ಮ ಜಿಲ್ಲೆ ಮರೆಯಲಾರದ ಒಂದು ರಾತ್ರಿಯನ್ನು ಮತ್ತೆ ನೆನೆದಾಗ.

ಮೊದಲು ಲೆಕ್ಕ ನೋಡೋಣ. ಒಂದು ಕಾರ್ಖಾನೆಯಲ್ಲಿ ದಿನಕ್ಕೆ 200 ರಟ್ಟಿನ ಪೆಟ್ಟಿಗೆ ಖರ್ಚಾಗುತ್ತವೆ ಎನ್ನಿ. ಆರ್ಡರ್ ಕೊಟ್ಟ ಐದು ದಿನಕ್ಕೆ ಪೆಟ್ಟಿಗೆ ಬರುತ್ತವೆ. ಹಾಗಾದರೆ ಐದು ದಿನಕ್ಕೆ 1000 ಪೆಟ್ಟಿಗೆ ಬೇಕು. ಸರಬರಾಜು ಎರಡು ದಿನ ತಡವಾದರೆ? ಅದಕ್ಕೆಂದು ಇನ್ನೂ 400 ಕೈಯಲ್ಲಿರಬೇಕು. ಈ 400 ಸೇಫ್ಟಿ ಸ್ಟಾಕ್, ಅಂದರೆ ಆಪತ್ಕಾಲದ ದಾಸ್ತಾನು. ಗೋದಾಮಿನಲ್ಲಿ 1400 ಉಳಿದ ದಿನವೇ ಹೊಸ ಆರ್ಡರ್ ಹೋಗಬೇಕು. ಅದು ರೀಆರ್ಡರ್ ಪಾಯಿಂಟ್. ದಿನದ ಬಳಕೆಯನ್ನು ಲೀಡ್ ಟೈಮಿನಿಂದ ಗುಣಿಸಿ ಆಪತ್ಕಾಲದ ದಾಸ್ತಾನನ್ನು ಕೂಡಿಸಿದರೆ ಉತ್ತರ ಸಿಗುತ್ತದೆ. ನಮ್ಮಮ್ಮ ರಾಗಿ ವಾಡೆಯ ತಳ ಕಾಣುವ ಮುಂಚೆಯೇ ಮಿಲ್ಲಿಗೆ ಕಳಿಸುವುದೂ ಇದೇ ಲೆಕ್ಕ.

ಈಗ ಪೆಟ್ಟಿಗೆಯ ಜಾಗದಲ್ಲಿ ಆಮ್ಲಜನಕವನ್ನು ಇಡಿ.

2021ರ ಮೇ 2ರ ರಾತ್ರಿ ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಕೋವಿಡ್ ಎರಡನೇ ಅಲೆಯ ದಿನಗಳು ಅವು. ಮೊದಲಿಗೆ ಆಮ್ಲಜನಕವಿಲ್ಲದೆ ಸತ್ತವರು ಕೆಲವರಷ್ಟೇ ಎಂದು ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಮೈಸೂರಿನಿಂದ ಸಿಲಿಂಡರ್ ಬರಲಿಲ್ಲ ಎಂದು ಒಬ್ಬರು, ನಾವು ತಡೆಯಲಿಲ್ಲ ಎಂದು ಇನ್ನೊಬ್ಬರು ಮಾತನಾಡಿದರು. ಮುಂದೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಇದ್ದದ್ದನ್ನು ಗುರುತಿಸಿತು.

ಯಾರ ತಪ್ಪೆಷ್ಟು ಎಂದು ತೀರ್ಪು ಕೊಡುವ ಜಾಗ ನನ್ನದಲ್ಲ. ಆದರೆ ಸರಪಳಿಯ ಪಾಠ ಓದುವ ಯಾರಿಗೂ ಅಲ್ಲಿ ಮೂರು ಸಂಗತಿ ಎದ್ದು ಕಾಣುತ್ತವೆ. ರೋಗಿಗಳು ಹೆಚ್ಚಿದ್ದರಿಂದ ದಿನದ ಬಳಕೆ ಏಕಾಏಕಿ ಏರಿತ್ತು. ಸಿಲಿಂಡರಿಗೆ ನೆಚ್ಚಿಕೊಂಡಿದ್ದ ಊರು ಸುಮಾರು ಅರವತ್ತು ಕಿಲೋಮೀಟರ್ ದೂರದ ಮೈಸೂರು, ಅಲ್ಲಿಯೂ ಆಗ ಅದೇ ಹಾಹಾಕಾರ. ಬಳಕೆ ಏರಿದಂತೆ ಆಪತ್ಕಾಲದ ದಾಸ್ತಾನೂ ಏರಬೇಕಿತ್ತು, ಆರ್ಡರ್ ಕೊಡುವ ಗಳಿಗೆ ಮುಂಚೆ ಬರಬೇಕಿತ್ತು. ಒಂದೇ ಮೂಲವನ್ನು ನೆಚ್ಚುವುದಕ್ಕೆ ಸಿಂಗಲ್ ಸೋರ್ಸಿಂಗ್ ಎಂಬ ಹೆಸರಿದೆ. ಪುಸ್ತಕದಲ್ಲಿ ಅದರ ಮುಂದೆ ‘ಅಪಾಯ ಹೆಚ್ಚು’ ಎಂದು ಎರಡು ಪದ ಬರೆದಿರುತ್ತಾರೆ. ಆ ಎರಡು ಪದದ ಬೆಲೆ ಎಷ್ಟು ಎಂದು ನಮ್ಮ ಜಿಲ್ಲೆಯ 24 ಮನೆಗಳನ್ನು ಕೇಳಬೇಕು.

ಆ ರಾತ್ರಿ ಎಲ್ಲೋ ಒಂದು ಕಡೆ ‘ಇನ್ನೆಷ್ಟು ಗಂಟೆಗೆ ಸಾಲುತ್ತದೆ, ಮುಂದಿನದು ಯಾವಾಗ ಹೊರಡುತ್ತದೆ’ ಎಂದು ಬರೆದಿಡುವ ಒಂದು ಪುಟ ಇರಬೇಕಿತ್ತು. ಅದನ್ನು ನೋಡಿ ಮಧ್ಯಾಹ್ನವೇ ಕೂಗೆಬ್ಬಿಸುವ ಅಧಿಕಾರ ಒಬ್ಬ ಗುಮಾಸ್ತನಿಗಾದರೂ ಇರಬೇಕಿತ್ತು. ಸ್ಟೋರ್ಸ್ ಕೆಲಸವೆಂದರೆ ಮೂಲೆಯಲ್ಲಿ ಕೂತು ಲೆಕ್ಕ ಬರೆಯುವುದು ಎಂದು ತಿಳಿದಿದ್ದ ನಾನು ಆಮೇಲೆ ಹಾಗೆ ತಿಳಿಯಲಿಲ್ಲ.

ಕೂಡಿಡಬೇಕೆ, ಬೇಡವೆ?

‘ಹಾಗಾದರೆ ಎಲ್ಲವನ್ನೂ ರಾಶಿ ಹಾಕಿಕೊಂಡರಾಯಿತಲ್ಲ’ ಎಂದು ನೀವು ಕೇಳಬಹುದು. ದಾಸ್ತಾನೆಂದರೆ ಕಟ್ಟಿಹಾಕಿದ ಹಣ. ಬಾಡಿಗೆ, ಬಡ್ಡಿ, ಹಾಳಾಗುವ ಭಯ ಎಲ್ಲವೂ ಅದರ ಬೆನ್ನಿಗಿರುತ್ತವೆ. ಆದ್ದರಿಂದಲೇ ಜಪಾನಿನ ಟೊಯೊಟಾ ಕಂಪನಿ ‘ಜಸ್ಟ್ ಇನ್ ಟೈಮ್’ ಪದ್ಧತಿಯನ್ನು ಬೆಳೆಸಿತು. ಬೇಕಾದದ್ದು, ಬೇಕಾದಷ್ಟು, ಬೇಕಾದ ಹೊತ್ತಿಗೆ ಬರಬೇಕು ಎಂಬುದು ಅದರ ಸೂತ್ರ. ಅದೇ ಟೊಯೊಟಾದ ಕಾರ್ಖಾನೆ 1999ರಿಂದ ನಮ್ಮ ಬಿಡದಿಯಲ್ಲಿದೆ. ಬಿಡಿಭಾಗ ಪೂರೈಸುವವರು ಸುತ್ತಮುತ್ತಲೇ ಇದ್ದು, ಲೀಡ್ ಟೈಮ್ ಚಿಕ್ಕದಾಗಿದ್ದರೆ ಈ ಪದ್ಧತಿ ಸಲೀಸು.

ಆದರೆ ದಾರಿ ಮುರಿದರೆ ಇದೇ ಪದ್ಧತಿ ಮುಗ್ಗರಿಸುತ್ತದೆ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ ಒಂದು ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರವನ್ನೇ ತಡೆದು ನಿಲ್ಲಿಸಿತು. ಅದೇ ವರ್ಷ ಚಿಪ್ ಕೊರತೆಯಿಂದ ಕಾರು ಕಾರ್ಖಾನೆಗಳು ನಿಂತವು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಆ ಬಳಿಕ ‘ಅಕಸ್ಮಾತ್ತಿಗೆ ಇರಲಿ’ ಎಂಬ ಹಳೆಯ ಬುದ್ಧಿಗೆ ಮತ್ತೆ ಮರ್ಯಾದೆ ಬಂದಿದೆ. ನನಗೆ ತಿಳಿದಂತೆ ಉತ್ತರ ಇಷ್ಟೇ: ಅಗ್ಗದ, ಬೇಗ ಸಿಗುವ ವಸ್ತುವನ್ನು ಕೂಡಿಡಬೇಡಿ. ಇಲ್ಲದಿದ್ದರೆ ಪ್ರಾಣವೋ ಕಾರ್ಖಾನೆಯೋ ನಿಲ್ಲುವಂಥದ್ದನ್ನು ಖರ್ಚು ಎಷ್ಟಾದರೂ ಕೂಡಿಡಿ.

ಗೇಟಿನ ಒಳಗೆ ಯಾರು?

ಇನ್ನು ಉದ್ಯೋಗದ ಮಾತು. ನಂಜನಗೂಡಿನಲ್ಲಿ ನೆಸ್ಲೆ, ಇಮ್ಮಾವಿನಲ್ಲಿ ಏಷ್ಯನ್ ಪೇಂಟ್ಸ್, ಕಡಕೊಳದ ಬಳಿ ಟಿವಿಎಸ್, ಅಲ್ಲೇ ಕಂಟೇನರ್ ಸಾಗಣೆಯ ತಾಣ. ಮೈಸೂರಿನಿಂದ ಚಾಮರಾಜನಗರದವರೆಗಿನ ಈ ರೈಲು ದಾರಿಯ ಉದ್ದಕ್ಕೂ ಸರಕು ಓಡಾಡುತ್ತದೆ. ಬದನಗುಪ್ಪೆ ಅದರ ಹೊಸ ಕೊಂಡಿ. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯನ್ನು ಪ್ರಕಟಿಸಿದೆ. ಗೋದಾಮು, ಸಾಗಣೆ, ಖರೀದಿ ವಿಭಾಗಗಳಲ್ಲಿ ಕೆಲಸ ಹೆಚ್ಚುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಅದು ಯಾರಿಗೆ ಸಿಗುತ್ತದೆ ಎನ್ನುವುದರಲ್ಲಿದೆ.

ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲಿ ಒಟ್ಟಾರೆ ಶೇ 70ರಷ್ಟು, ‘ಡಿ’ ವರ್ಗದಲ್ಲಿ ಶೇ 100ರಷ್ಟು ಉದ್ಯೋಗ ಕನ್ನಡಿಗರಿಗೆ ಎಂಬ ಮಾತಿತ್ತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳ ವಿರೋಧ ಬಂದ ಮೇಲೆ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ನಾನು ಆ ಮಸೂದೆಯ ಪರವಾಗಿಯೇ ಇದ್ದೇನೆ. ಜಮೀನು ಕೊಟ್ಟವರ ಮಕ್ಕಳಿಗೆ ಅದೇ ಜಮೀನಿನ ಮೇಲೆ ಕೆಲಸ ಕೇಳುವ ಹಕ್ಕಿದೆ. ಆದರೆ ‘ಡಿ’ ವರ್ಗದಲ್ಲಿ ಶೇ 100 ಎನ್ನುವುದನ್ನು ಓದಿದಾಗೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತದೆ. ಗೇಟು ಕಾಯುವುದು, ಮೂಟೆ ಇಳಿಸುವುದು ಕೀಳೆಂದಲ್ಲ. ನಮಗಾಗಿ ಪೂರ್ತಿ ಬಿಟ್ಟುಕೊಟ್ಟ ಜಾಗ ಅದೊಂದೇ ಎನ್ನುವುದು ಚುಚ್ಚುತ್ತದೆ.

ಅದರ ಮೇಲಿನ ಮೆಟ್ಟಿಲಿಗೆ ಬೇಕಾಗಿರುವುದು ದೊಡ್ಡ ಪದವಿಯೇನಲ್ಲ. ಎಕ್ಸೆಲ್‌ನಲ್ಲಿ ದಾಸ್ತಾನು ಪಟ್ಟಿ ಮಾಡುವುದು. ಬಂದ ಸರಕನ್ನು ಆರ್ಡರಿನ ಜೊತೆ ತಾಳೆ ನೋಡಿ ಸ್ವೀಕೃತಿ ಚೀಟಿ, ಅಂದರೆ ಜಿಆರ್‌ಎನ್ ಬರೆಯುವುದು. ಮೊದಲು ಬಂದದ್ದು ಮೊದಲು ಹೋಗಬೇಕೆಂಬ ಫಿಫೊ ನಿಯಮ. ಐವತ್ತು ಸಾವಿರ ರೂಪಾಯಿ ದಾಟಿದ ಸರಕಿಗೆ ಇ–ವೇ ಬಿಲ್ ತೆಗೆಯುವುದು. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ. ರಾತ್ರಿ ಗೇಟು ಬೀಳುವ ನಮ್ಮ ರಸ್ತೆಗಳಲ್ಲಿ ಈ ಅವಧಿಯ ಲೆಕ್ಕ ತಪ್ಪಿದರೆ ದಂಡ. ರಾಜ್ಯದೊಳಗಿನ ಸಾಗಣೆಗೆ ಇ–ವೇ ಬಿಲ್ಲನ್ನು 2018ರ ಏಪ್ರಿಲ್ 1ರಂದು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಇಷ್ಟಾದರೂ ಮೂರು ವರ್ಷದ ಬಿ.ಕಾಂ. ಓದಿನಲ್ಲಿ ನಾನು ಒಂದು ಇ–ವೇ ಬಿಲ್ಲನ್ನೂ ಕಣ್ಣಿಂದ ನೋಡಿರಲಿಲ್ಲ.

ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ಮೂರು ಸಾವಿರ ಕೊಡುವುದು ಒಳ್ಳೆಯದೇ. ಅದರ ಜೊತೆಗೆ ಕೈಗಾರಿಕಾ ಪ್ರದೇಶದ ಗೋದಾಮುಗಳಲ್ಲಿ ಮೂರು ತಿಂಗಳ ತರಬೇತಿಯೂ ಸಿಕ್ಕರೆ ನನ್ನಂಥವರು ಸಂದರ್ಶನದಲ್ಲಿ ತಡವರಿಸುವುದಿಲ್ಲ. ಜಿಲ್ಲೆಯ ಕಾಲೇಜುಗಳೂ ಬದನಗುಪ್ಪೆಯ ಕಾರ್ಖಾನೆಗಳೂ ಮಾತಾಡಿಕೊಂಡರೆ ಆಗುವ ಕೆಲಸ ಇದು. ಕಾಲೇಜಿನಿಂದ ಕಾರ್ಖಾನೆಗೆ ಇರುವ ದೂರ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಆದರೆ ಆ ದಾರಿಯ ಲೀಡ್ ಟೈಮ್ ನನ್ನ ಪಾಲಿಗೆ ಎರಡು ವರ್ಷವಾಯಿತು.

ಈಗ ನಾನು ಬೇರೊಂದು ಕಡೆ ಆರು ತಿಂಗಳ ತರಬೇತಿಗೆ ಸೇರಿದ್ದೇನೆ. ಗೋದಾಮಿನ ವಿಭಾಗ. ಆಮೇಲೆ ಕಾಯಂ ಮಾಡುತ್ತಾರೋ ಇಲ್ಲವೋ ಯಾರೂ ಹೇಳಿಲ್ಲ. ಆ ಸಂದರ್ಶನದಲ್ಲಿಯೂ ಲೀಡ್ ಟೈಮ್ ಕೇಳಿದರು. ಮದ್ದೂರು ಗೇಟಿನ ಕಥೆ ಹೇಳಿದೆ. ಕೇಳಿದವರು ಪೆನ್ನು ಕೆಳಗಿಟ್ಟು, ‘ನಿಮ್ಮ ತಂದೆ ಎಷ್ಟು ಗಂಟೆಗೆ ಕೊಯ್ಲು ಶುರು ಮಾಡುತ್ತಾರೆ?’ ಎಂದು ವಿಚಾರಿಸಿದರು. ಬೆಳಿಗ್ಗೆ ಆರಕ್ಕೆ ಎಂದೆ.

ಮನೆಗೆ ಬಂದು ಹೇಳಿದಾಗ ಅಪ್ಪ ತಿದ್ದಿದರು. ‘ಐದೂವರೆ ಕೂಸು. ಆರಕ್ಕ ಶುರು ಮಾಡುದ್ರ ಆಗಲ್ಲ.’